ಏಳನೇ ಕಣ್ಣು: ಎಸ್‌ಐಸಿಎಸ್‌ನಿಂದ ಫೇಕೋಗೆ ದಾಟುವಾಗಿನ ಒಂದು ಪ್ರಕರಣ

ಎಸ್‌ಐಸಿಎಸ್, ಫೇಕೋ ಎರಡೂ ಕಣ್ಣಿನ ಪೊರೆ ತೆಗೆಯುವ ವಿಧಾನಗಳು. ಇದು ಬೋಧನೆಗಾಗಿ ಕಟ್ಟಿದ ಪ್ರಕರಣ. ಇಲ್ಲಿನ ಆಸ್ಪತ್ರೆ, ವೈದ್ಯರು, ರೋಗಿ ನಿಜವಾದ ಯಾರನ್ನೂ ಸೂಚಿಸುವುದಿಲ್ಲ. ಆದರೆ ಜಿಲ್ಲಾ ಕೇಂದ್ರಗಳ ಕಣ್ಣಿನ ಓಟಿಯಲ್ಲಿ ಕೆಲಸ ಮಾಡಿದವರಿಗೆ ಇದರ ಒಂದೊಂದು ತುಣುಕೂ ಪರಿಚಿತವೇ. ಹೆಸರಿಟ್ಟು ಹೇಳಿರುವ ಅಧ್ಯಯನಗಳು, ಕೋರ್ಟಿನ ತೀರ್ಪುಗಳು ಮಾತ್ರ ನಿಜವಾದವು.

ಹಿನ್ನೆಲೆ

ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರ. 30 ಹಾಸಿಗೆಯ ಟ್ರಸ್ಟ್ ಆಸ್ಪತ್ರೆ. ಅಲ್ಲಿನ ಶಸ್ತ್ರವೈದ್ಯರಿಗೆ 51 ವರ್ಷ. ಇಪ್ಪತ್ತೆರಡು ವರ್ಷಗಳಿಂದ ಪೊರೆಯ ಆಪರೇಷನ್ ಮಾಡುತ್ತಿದ್ದಾರೆ, ಬಹುತೇಕ ಎಲ್ಲವೂ ಎಸ್‌ಐಸಿಎಸ್. ಅಂದರೆ ಬಿಳಿಗುಡ್ಡೆಯಲ್ಲಿ 6ರಿಂದ 7 ಮಿ.ಮೀ. ಅಗಲದ ಸುರಂಗ ಕೊರೆದು, ಮಸೂರದ ತಿರುಳನ್ನು ಇಡಿಯಾಗಿ ಹೊರತೆಗೆದು, ಮಸೂರವನ್ನು ಸುತ್ತಿರುವ ತೆಳು ಚೀಲದೊಳಗೇ ಹೊಸ ಲೆನ್ಸ್ ಕೂರಿಸುವುದು. ಸುರಂಗ ತಾನಾಗಿ ಮುಚ್ಚಿಕೊಳ್ಳುತ್ತದೆ, ಹೊಲಿಗೆ ಬೇಡ. ಪಳಗಿದ ಕೈಗೆ ಒಂದು ಕಣ್ಣಿಗೆ ಎಂಟು–ಹತ್ತು ನಿಮಿಷ.

ಮಾರ್ಚ್‌ನಲ್ಲಿ ಟ್ರಸ್ಟಿಗೆ ಫೇಕೋ ಮಿಷನ್ ಬಂತು. ಇದರಲ್ಲಿ ಕಾರ್ನಿಯಾದ ಅಂಚಿನಲ್ಲಿ 2.8 ಮಿ.ಮೀ. ಅಥವಾ ಇನ್ನೂ ಚಿಕ್ಕ ಗಾಯ ಮಾಡಿ, ಸೆಕೆಂಡಿಗೆ ಸುಮಾರು 40 ಸಾವಿರ ಸಲ ಅದುರುವ ಟೈಟೇನಿಯಂ ಟಿಪ್‌ನಿಂದ ತಿರುಳನ್ನು ಕಣ್ಣಿನೊಳಗೇ ಪುಡಿ ಮಾಡಿ ಹೀರುತ್ತಾರೆ. ಮಿಷನ್ನಿಗೆ ಟ್ರಸ್ಟ್ ಮುಂಗಡ ಹಣ ಕೊಡಲಿಲ್ಲ. ಬದಲಿಗೆ ಕ್ಯಾಸೆಟ್, ಟ್ಯೂಬಿಂಗ್, ಟಿಪ್, ಸ್ಲೀವ್ ಸೇರಿದ ಪ್ಯಾಕ್‌ಗಳನ್ನು ತಿಂಗಳಿಗೆ 40ರಂತೆ ಮೂರು ವರ್ಷ ಕೊಳ್ಳುವ ಒಪ್ಪಂದವಾಯಿತು. ಈ 40 ಎಂಬ ಅಂಕಿಯನ್ನು ನೆನಪಿಟ್ಟುಕೊಳ್ಳಿ.

ವೈದ್ಯರು ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಎರಡು ವಾರದ ತರಬೇತಿ ಮುಗಿಸಿ ಬಂದರು. ಅಲ್ಲಿ ಹತ್ತು ಕಣ್ಣುಗಳಲ್ಲಿ ಕೈ ಆಡಿಸಿದ್ದರು. ಮೊದಲಿನಿಂದ ಕೊನೆಯವರೆಗೆ ತಾವೇ ಮಾಡಿದ್ದು ನಾಲ್ಕು. ಪಕ್ಕದಲ್ಲಿ ಕಲಿಸುವವರಿದ್ದರು, ತಿರುಳುಗಳು ಮೆದುವಾಗಿದ್ದವು. ಊರಿಗೆ ಮರಳಿದ ಮೇಲೆ ಪಕ್ಕದಲ್ಲಿದ್ದದ್ದು ಕಂಪನಿಯ ಅಪ್ಲಿಕೇಶನ್ ಹುಡುಗ, ಅದೂ ಮೊದಲ ಮೂರು ದಿನ. ವ್ಯಾಕ್ಯೂಮ್ ಎಷ್ಟಿಡಬೇಕು, ಬಾಟಲಿ ಎಷ್ಟು ಎತ್ತರಕ್ಕಿರಬೇಕು ಎಂದು ಅವನು ಹೇಳಬಲ್ಲ. ಕಣ್ಣಿನೊಳಗೆ ಏನಾಗುತ್ತಿದೆ ಎಂದು ಹೇಳುವುದು ಅವನ ಕೆಲಸವಲ್ಲ, ಅವನು ವೈದ್ಯನೂ ಅಲ್ಲ.

ಮೊದಲ ಆರು ಕೇಸುಗಳಲ್ಲಿ ಐದು ಕ್ಯಾಂಪಿನಿಂದ ಬಂದ ಉಚಿತ ರೋಗಿಗಳು. ಆ ವಾರದ ಓಟಿ ರಿಜಿಸ್ಟರಿನ ಅಂಚಿನಲ್ಲಿ ಸಿಸ್ಟರ್ ಪೆನ್ಸಿಲಿನಲ್ಲಿ ಬರೆದಿದ್ದರು: “ಪೇಯಿಂಗ್ ಫೇಕೋ – ಮುಂದಿನ ತಿಂಗಳಿಗೆ.” ಹಾಗೆ ಬರೆಯಲು ಹೇಳಿದ್ದು ಮ್ಯಾನೇಜರ್. ದುಡ್ಡು ಕೊಡುವವರು ಬಂದಾಗ ಡಾಕ್ಟರ ಕೈ ಕುದುರಿರಬೇಕು ಎಂಬುದು ಅವರ ಲೆಕ್ಕ. ವೈದ್ಯರು ಅದನ್ನು ನೋಡಿದ್ದರು, ಬದಲಿಸಲಿಲ್ಲ.

ರೋಗಿ

ಏಳನೆಯವರು 66 ವರ್ಷದ ಕೃಷಿ ಕೂಲಿ ಮಹಿಳೆ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಬಲಗಣ್ಣಿಗೆ ಒಂದು ಮೀಟರ್ ದೂರದಲ್ಲಿ ಬೆರಳು ಎಣಿಸುವಷ್ಟು ದೃಷ್ಟಿ, ಎಡಗಣ್ಣು 6/36 (ಆರೋಗ್ಯವಾದ ಕಣ್ಣು 36 ಮೀಟರಿನಿಂದ ಓದುವುದನ್ನು 6 ಮೀಟರಿನಿಂದ ಓದುವಷ್ಟು). ಬಲಗಣ್ಣಿನ ತಿರುಳು ಕಂದು ಬಣ್ಣಕ್ಕೆ ತಿರುಗಿದ ಗ್ರೇಡ್ 4, ಅಂದರೆ ತೀರ ಗಟ್ಟಿ. ಹನಿ ಹಾಕಿದ ಮೇಲೂ ಪಾಪೆ 5 ಮಿ.ಮೀ.ಗಿಂತ ಹಿಗ್ಗಲಿಲ್ಲ.

ಒಪ್ಪಿಗೆ ಪತ್ರದಲ್ಲಿ ಅಚ್ಚಾಗಿದ್ದದ್ದು “ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆ” ಎಂದಷ್ಟೇ. ವಿಧಾನ ಯಾವುದೆಂದಿಲ್ಲ, ಮಾಡುವವರು ಯಾರೆಂದಿಲ್ಲ. ಹಿಂದಿನ ರಾತ್ರಿ ವಾರ್ಡಿನ ಅಟೆಂಡರ್ ಇಂಕ್ ಪ್ಯಾಡ್ ಹಿಡಿದು ಸಾಲಾಗಿ ಹದಿನಾಲ್ಕು ಜನರ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದ. ಅವರಿಗೆ ಹೇಳಿದ್ದು ಒಂದೇ ಮಾತು: “ಮಿಷನ್ ಆಪರೇಷನ್, ಹೊಲಿಗೆ ಇಲ್ಲ, ಫ್ರೀ.” ಹಳೆಯ ವಿಧಾನದಲ್ಲೂ ಹೊಲಿಗೆ ಇಲ್ಲ, ಅದೂ ಫ್ರೀಯೇ. ಹಾಗಾಗಿ ಆ ವಾಕ್ಯದಲ್ಲಿ ಹೊಸ ಸಂಗತಿ ಎಂದಿದ್ದದ್ದು ‘ಮಿಷನ್’ ಎಂಬ ಒಂದು ಪದ ಮಾತ್ರ.

ಟೇಬಲ್ ಮೇಲೆ

ಪೆರಿಬಲ್ಬಾರ್ ಬ್ಲಾಕ್, ಅಂದರೆ ಕಣ್ಣುಗುಡ್ಡೆಯ ಸುತ್ತ ಮರಗಟ್ಟಿಸುವ ಚುಚ್ಚುಮದ್ದು. ಪಕ್ಕದಿಂದ, ಅಂದರೆ ಕಿವಿಯ ಕಡೆಯಿಂದ, 2.8 ಮಿ.ಮೀ. ಗಾಯ. ಟ್ರಿಪ್ಯಾನ್ ಬ್ಲೂ ಹಾಕಿ ಮುಂಬದಿಯ ಚೀಲಕ್ಕೆ ಬಣ್ಣ. ರೆಕ್ಸಿಸ್, ಅಂದರೆ ಮುಂಬದಿಯ ಚೀಲದಲ್ಲಿ ತೆರೆಯುವ ದುಂಡು ಕಿಂಡಿ, 5ರಿಂದ 5.5 ಮಿ.ಮೀ. ಇರಬೇಕಾದದ್ದು ಚಿಕ್ಕ ಪಾಪೆಯಿಂದಾಗಿ ಸುಮಾರು 4.5 ಆಯಿತು. ಹೈಡ್ರೋಡಿಸೆಕ್ಷನ್ ಮಾಡುವಾಗ, ಅಂದರೆ ನೀರು ಹಾಯಿಸಿ ತಿರುಳನ್ನು ಚೀಲದಿಂದ ಬಿಡಿಸುವಾಗ, ಚೀಲದೊಳಗೆ ತಿರುಳಿನ ಹಿಂದೆ ನೀರಿನ ಅಲೆ ಹಾದುಹೋಗುವುದು ಕಾಣಬೇಕು; ಕಂದು ತಿರುಳಿನ ಹಿಂದೆ ಅದು ಕಾಣುವುದಿಲ್ಲ, ಕಾಣಲಿಲ್ಲ. ತಿರುಳು ಅರ್ಧ ಸುತ್ತು ತಿರುಗಿ ನಿಂತಿತು. ಸಲೀಸಾಗಿ ತಿರುಗದ ತಿರುಳು ಚೀಲದಿಂದ ಇನ್ನೂ ಬಿಡಿಸಿಕೊಂಡಿಲ್ಲ ಎಂದು ಅರ್ಥ. ಅಲ್ಲಿ ಮತ್ತೊಮ್ಮೆ ನೀರು ಹಾಯಿಸಬೇಕಿತ್ತು, ಹಾಯಿಸದೆ ಮುಂದೆ ಹೋದರು.

ಪವರ್ 70ಕ್ಕೆ ಏರಿಸಿ ನಡುವೆ ಕಾಲುವೆ ತೋಡಲು ಶುರು. ಕಾಲುವೆಯ ಆಳ ಟಿಪ್‌ನ ಅಗಲದ ಎರಡೂವರೆ, ಮೂರು ಪಟ್ಟು ಇರಬೇಕು. ತಳದಲ್ಲಿ ಕೆಂಪು ಹೊಳಪು ಕಾಣಿಸಿಕೊಳ್ಳುವುದೇ ಗುರುತು. ಕಂದು ತಿರುಳಿನಲ್ಲಿ ಆ ಗುರುತು ಸಿಗುವುದಿಲ್ಲ. ಟಿಪ್ ಕೊರೆಯುವ ಬದಲು ತಿರುಳನ್ನು ತಳ್ಳುತ್ತಿತ್ತು. ಪ್ರತಿ ತಳ್ಳಿಗೂ ಚೀಲವನ್ನು ಹಿಡಿದಿರುವ ಜೋನ್ಯೂಲ್ ಎಳೆಗಳು ಜಗ್ಗುತ್ತಿದ್ದವು. ಮೂರು ಸಲ ಸೀಳಲು ನೋಡಿದರು, ಸೀಳಲಿಲ್ಲ. ಶುರುವಾಗಿ ಹದಿನೆಂಟು ನಿಮಿಷವಾಗಿತ್ತು.

ಸಿಸ್ಟರ್ ಕೇಳಿದರು: “ಸರ್, ಎಸ್‌ಐಸಿಎಸ್ ಸೆಟ್ ತೆಗೆಯಲಾ?”

“ಎರಡು ನಿಮಿಷ.”

ಬ್ಲಾಕ್ ಕೊಟ್ಟ ರೋಗಿಗೆ ನೋವು ತಿಳಿಯುವುದಿಲ್ಲ, ಆದರೆ ಎಚ್ಚರವಿರುತ್ತದೆ. ಈ ಎರಡು ಮಾತನ್ನೂ ಆಕೆ ಕೇಳಿಸಿಕೊಂಡಿದ್ದರು ಎಂಬುದು ಓಟಿಯಲ್ಲಿದ್ದ ಯಾರ ತಲೆಗೂ ಹೊಳೆಯಲಿಲ್ಲ.

ನಾಲ್ಕನೇ ಯತ್ನಕ್ಕೆ ತಿರುಳು ಎರಡು ಹೋಳಾಯಿತು. ವ್ಯಾಕ್ಯೂಮ್ 300ಕ್ಕೆ ಏರಿಸಿ ಮೊದಲ ಹೋಳನ್ನು ಹೀರತೊಡಗಿದರು. ಟಿಪ್‌ನ ಬಾಯಿಗೆ ಹೋಳು ಅಂಟಿಕೊಂಡಿರುವಾಗ ಟ್ಯೂಬಿನೊಳಗೆ ನಿರ್ವಾತ ಕಟ್ಟಿಕೊಳ್ಳುತ್ತದೆ. ಹೋಳು ಪುಡಿಯಾದ ಕ್ಷಣ ಬಾಯಿ ತೆರೆದುಕೊಂಡು ಚೇಂಬರಿನ, ಅಂದರೆ ಕಾರ್ನಿಯಾದ ಹಿಂದಿನ ಕೋಣೆಯ, ದ್ರವ ಒಮ್ಮೆಲೇ ಟ್ಯೂಬಿಗೆ ನುಗ್ಗುತ್ತದೆ. ಬಾಟಲಿಯಿಂದ ಇಳಿಯುವ ದ್ರವ ಅಷ್ಟು ಬೇಗ ಆ ಜಾಗ ತುಂಬಲಾರದು. ಚೇಂಬರ್ ಕುಸಿದು ಹಿಂಬದಿಯ ಚೀಲ ಮೇಲೇರುತ್ತದೆ. ಅದರ ದಪ್ಪ ನಡುವಿನಲ್ಲಿ ಸುಮಾರು 4 ಮೈಕ್ರಾನ್. ತೆರೆದ ಟಿಪ್‌ಗೆ ತಾಗಿದರೆ ಮುಗಿಯಿತು.

ಚೇಂಬರ್ ಇದ್ದಕ್ಕಿದ್ದಂತೆ ಆಳವಾಯಿತು, ಹಿಂಬದಿಯ ಚೀಲ ಹರಿದದ್ದರ ಗುರುತು ಅದು. ಉಳಿದ ಹೋಳು ಒಂದು ಬದಿಗೆ ವಾಲಿತು, ಟಿಪ್ ಕರೆದರೂ ಬರಲಿಲ್ಲ. ವೈದ್ಯರು ಪ್ರೋಬ್ ಹೊರಗೆಳೆದರು. ಎಳೆದೊಡನೆ ಒಳಗಿನ ಒತ್ತಡ ಇಳಿದು, ಕಣ್ಣಿನ ಹಿಂಭಾಗ ತುಂಬಿರುವ ಲೋಳೆಯಾದ ವಿಟ್ರಿಯಸ್ ಮುಂದಕ್ಕೆ ನುಗ್ಗಿತು, ಸೀಳು ಅಗಲವಾಯಿತು, ಹೋಳು ಹಿಂದಕ್ಕೆ ಜಾರಿ ರೆಟಿನಾದ ಮೇಲೆ ಬಿತ್ತು. ವಿಟ್ರಿಯಸ್ ಕತ್ತರಿಸುವ ಕಟರ್ ಆ ದಿನದ ಸ್ಟೆರೈಲ್ ಸೆಟ್ಟಿನಲ್ಲಿರಲಿಲ್ಲ. ಸ್ಪಂಜು ಮತ್ತು ವ್ಯಾನಸ್ ಕತ್ತರಿಯಲ್ಲಿ ಗಾಯದ ಬಾಯಿ ಸ್ವಚ್ಛ ಮಾಡಿ, ಲೆನ್ಸ್ ಇಡದೆ, 10-0 ನೈಲಾನಿನಲ್ಲಿ ಒಂದು ಹೊಲಿಗೆ ಹಾಕಿ ಮುಗಿಸಿದರು.

ಒಂದು ಮಾತನ್ನು ಅವರ ಪರವಾಗಿ ಹೇಳಲೇಬೇಕು. ಬಿದ್ದ ಹೋಳನ್ನು ಮೀನು ಹಿಡಿದಂತೆ ಹುಡುಕಲು ಅವರು ಹೋಗಲಿಲ್ಲ. ರೆಟಿನಾ ಹರಿಯುವುದು ಹೆಚ್ಚಾಗಿ ಆ ಹುಡುಕಾಟದಲ್ಲಿ.

ಮರುದಿನ 140 ಕಿ.ಮೀ. ದೂರದ ರೆಟಿನಾ ಕೇಂದ್ರಕ್ಕೆ ಕಳಿಸಿದರು. ನಾಲ್ಕನೇ ದಿನ ಅಲ್ಲಿ ವಿಟ್ರಿಯಸ್ ತೆಗೆಯುವ ವಿಟ್ರೆಕ್ಟಮಿ ಮಾಡಿ ಹೋಳು ತೆಗೆದು, ಉಳಿದಿದ್ದ ಮುಂಬದಿಯ ಚೀಲದ ಆಸರೆಯ ಮೇಲೆ ಮೂರು ತುಂಡಿನ ಲೆನ್ಸ್ ಕೂರಿಸಿದರು. ಎರಡು ತಿಂಗಳ ನಂತರ ಕನ್ನಡಕದೊಂದಿಗೆ ದೃಷ್ಟಿ 6/18. ಖರ್ಚಿಗೆ ಮಗ ಸಾಲ ಮಾಡಿದ್ದ. ಟ್ರಸ್ಟ್ ಅದನ್ನು ಕೊಟ್ಟದ್ದು ಆರು ವಾರ ಕಳೆದ ಮೇಲೆ, ಅವನು ಮೂರು ಸಲ ಅಲೆದ ಮೇಲೆ.

ಕುಟುಂಬಕ್ಕೆ ಹೇಳಿದ ಕಾರಣ: “ಪೊರೆ ತುಂಬ ಬಲಿತಿತ್ತು, ಹಿಂದಕ್ಕೆ ಜಾರಿತು.” ಇದರಲ್ಲಿ ಸುಳ್ಳಿಲ್ಲ. ಮಗ ಕೇಳಿದ್ದು ಬೇರೆ: “ಸಾರ್, ಎಸ್‌ಐಸಿಎಸ್ ಸೆಟ್ ತೆಗೀಲಾ ಅಂತ ಸಿಸ್ಟರ್ ಕೇಳಿದ್ರಂತೆ, ನಮ್ಮವ್ವ ಹೇಳ್ತಾಳೆ. ಅದೇನು ಸಾರ್?”

ಹೊಸತು ಯಾರಿಗೆ?

ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ಪ್ರತಿಯೊಂದು ವಿಧಾನಕ್ಕೂ ಮೊದಲ ಕಣ್ಣು ಎಂಬುದೊಂದಿದೆ. 1949ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಹೆರಾಲ್ಡ್ ರಿಡ್ಲಿ ಮೊದಲ ಕೃತಕ ಲೆನ್ಸ್ ಇಟ್ಟರು. ಸಹೋದ್ಯೋಗಿಗಳ ಸಭೆಯ ಮುಂದೆ ಅದನ್ನು ಮಂಡಿಸಿದ್ದು 1951ರಲ್ಲಿ. 1967ರಲ್ಲಿ ಅಮೆರಿಕದಲ್ಲಿ ಚಾರ್ಲ್ಸ್ ಕೆಲ್ಮನ್, ಹಲ್ಲಿನ ಡಾಕ್ಟರ ಅಲ್ಟ್ರಾಸೌಂಡ್ ಉಪಕರಣ ಕಂಡು ಹೊಳೆದ ಫೇಕೋವನ್ನು ಮನುಷ್ಯರ ಮೇಲೆ ಮೊದಲು ಮಾಡಿದಾಗ ಆರಿಸಿಕೊಂಡದ್ದು ಆಗಲೇ ದೃಷ್ಟಿ ಹೋಗಿ ತೆಗೆದುಹಾಕಬೇಕಿದ್ದ ಕಣ್ಣನ್ನು. ಆ ಆಯ್ಕೆಯಲ್ಲಿ ಒಂದು ವಿವೇಕವಿದೆ: ಕಲಿಯುವ ಕೈ ತಪ್ಪಿದರೂ ಆ ರೋಗಿ ಕಳೆದುಕೊಳ್ಳುವುದು ಕಡಿಮೆ.

ನಮ್ಮ ಪ್ರಕರಣದಲ್ಲಿ ವಿಧಾನ ಹಳೆಯದು, ಕೈ ಹೊಸದು. ಹೊಸ ಔಷಧವನ್ನು ಪರೀಕ್ಷಿಸಲು ಎಥಿಕ್ಸ್ ಕಮಿಟಿ ಕೂರುತ್ತದೆ, ಹತ್ತು ಪುಟದ ಒಪ್ಪಿಗೆ ಪತ್ರ ಇರುತ್ತದೆ. ಜಗತ್ತು ಐವತ್ತು ವರ್ಷದಿಂದ ಮಾಡುತ್ತಿರುವ ಆಪರೇಷನ್ನನ್ನು ಒಬ್ಬರು ಏಳನೇ ಸಲ ಒಂಟಿಯಾಗಿ ಮಾಡುವಾಗ ಕೇಳುವವರೇ ಇಲ್ಲ. ಪದವಿ ಇದೆ, ನೋಂದಣಿ ಇದೆ, ಅಷ್ಟು ಸಾಕು. ಆದರೆ ಟೇಬಲ್ ಮೇಲೆ ಮಲಗಿದವರಿಗೆ ಮುಖ್ಯವಾಗುವುದು ಆ ಕೈಯಲ್ಲಿ ಅದು ಎಷ್ಟು ಹಳೆಯದು ಎಂಬುದು.

ಅದಕ್ಕೆ ಅಂಕಿಗಳಿವೆ. ಮದುರೈಯ ಅರವಿಂದ್ ಕಣ್ಣಿನ ಆಸ್ಪತ್ರೆಯವರು ಒಂದು ವರ್ಷದ 79,777 ಪೊರೆ ಆಪರೇಷನ್‌ಗಳ ಲೆಕ್ಕವನ್ನು 2012ರಲ್ಲಿ ಪ್ರಕಟಿಸಿದರು. ಒಟ್ಟಾರೆ ನೋಡಿದರೆ ಫೇಕೋ ಮತ್ತು ಎಸ್‌ಐಸಿಎಸ್ ಎರಡರಲ್ಲೂ ತೊಡಕು ನೂರಕ್ಕೆ ಸುಮಾರು 1. ಕಲಿಯುವವರ ಕೈಯಲ್ಲಿ ಮಾತ್ರ ಅಂತರ ತೆರೆದುಕೊಳ್ಳುತ್ತದೆ: ಫೇಕೋದಲ್ಲಿ 4.8, ಎಸ್‌ಐಸಿಎಸ್‌ನಲ್ಲಿ 1.46. ಬ್ರಿಟನ್ನಿನ 55,567 ಆಪರೇಷನ್‌ಗಳ ದತ್ತಾಂಶದಲ್ಲಿ, 2009ರಲ್ಲಿ ಪ್ರಕಟವಾದದ್ದು, ಚೀಲ ಹರಿಯುವ ಇಲ್ಲವೇ ವಿಟ್ರಿಯಸ್ ನುಗ್ಗುವ ಪ್ರಮಾಣ ಸುಮಾರು ನೂರಕ್ಕೆ 2. ಕಂದು ಅಥವಾ ಬಿಳಿ ಬಲಿತ ಪೊರೆಯಿದ್ದರೆ ಅದರ ಸಂಭವ ಸುಮಾರು ಮೂರು ಪಟ್ಟು. ಚಿಕ್ಕ ಪಾಪೆಯೂ ಸಂಭವವನ್ನು ಹೆಚ್ಚಿಸುತ್ತದೆ. ಏಳನೇ ರೋಗಿಯಲ್ಲಿ ಇವೆಲ್ಲ ಒಟ್ಟಿಗೆ ಇದ್ದವು.

ಇದರ ಪಕ್ಕದಲ್ಲೇ ಇನ್ನೊಂದು ಅಧ್ಯಯನವನ್ನಿಟ್ಟು ನೋಡಬೇಕು. 2007ರಲ್ಲಿ ನೇಪಾಳದಲ್ಲಿ ಸಾಂಡುಕ್ ರುಯಿತ್ ಮತ್ತು ಜೊತೆಗಾರರು 108 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದಕ್ಕೆ ಫೇಕೋ, ಇನ್ನೊಂದಕ್ಕೆ ಎಸ್‌ಐಸಿಎಸ್. ಎರಡೂ ಕಡೆ ನುರಿತ ಕೈಗಳೇ. ಆರು ತಿಂಗಳ ನಂತರ ಎರಡೂ ಗುಂಪಿನಲ್ಲಿ ನೂರಕ್ಕೆ 98 ಜನರಿಗೆ ಕನ್ನಡಕದೊಂದಿಗೆ 6/18 ಅಥವಾ ಅದಕ್ಕಿಂತ ಒಳ್ಳೆಯ ದೃಷ್ಟಿ. ಸಮಯ ಎಸ್‌ಐಸಿಎಸ್‌ಗೆ 9 ನಿಮಿಷ, ಫೇಕೋಗೆ ಹದಿನೈದೂವರೆ. ಖರ್ಚೂ ಎಸ್‌ಐಸಿಎಸ್‌ನದೇ ಬಹಳ ಕಡಿಮೆ.

ಅಂದರೆ ಈ ಮಹಿಳೆಯ ಕಂದು ತಿರುಳಿಗೆ, ಈ ವೈದ್ಯರ ಕೈಯಲ್ಲಿ, ಆ ದಿನ, ಎಸ್‌ಐಸಿಎಸ್ ಎಲ್ಲ ರೀತಿಯಲ್ಲೂ ಮೇಲಿನ ಚಿಕಿತ್ಸೆಯಾಗಿತ್ತು. ಫೇಕೋದ ಲಾಭ, ಅಂದರೆ ಚಿಕ್ಕ ಗಾಯ, ಕಡಿಮೆ ಅಸ್ಟಿಗ್ಮ್ಯಾಟಿಸಂ (ಕಾರ್ನಿಯಾದ ಬಾಗು ಏರುಪೇರಾಗಿ ಬರುವ ಮಬ್ಬು), ಬೇಗ ಕೆಲಸಕ್ಕೆ ಮರಳುವುದು, ಇವೆಲ್ಲ ಮೆದು ತಿರುಳಿನ, ಇನ್ನೂ ದುಡಿಯುವ ವಯಸ್ಸಿನ, ಕನ್ನಡಕ ಬೇಡವೆನ್ನುವ ರೋಗಿಗೆ ದೊಡ್ಡದು. ಆಕೆಯ ಪಾಲಿಗೆ ಬಂದದ್ದು ಬರೀ ಅಪಾಯ. ಲಾಭವೆಲ್ಲ ವೈದ್ಯರಿಗೆ, ಟ್ರಸ್ಟಿಗೆ, ಮುಂದಿನ ತಿಂಗಳು ಬರಲಿದ್ದ ಪೇಯಿಂಗ್ ರೋಗಿಗಳಿಗೆ. ಪ್ರಕರಣದ ಗಂಟು ಇರುವುದು ಇಲ್ಲಿ. ಹದಿನೆಂಟನೇ ನಿಮಿಷದಲ್ಲಿ ನಡೆದದ್ದಕ್ಕಿಂತ, ಹಿಂದಿನ ಸಂಜೆ ಲಿಸ್ಟ್ ಬರೆದಾಗ ನಡೆದದ್ದು ದೊಡ್ಡ ತಪ್ಪು ಎಂದು ನಾವು ಎಣಿಸುತ್ತೇವೆ.

ಲಿಸ್ಟ್ ಯಾರು ಬರೆಯುತ್ತಾರೆ

ಕರ್ನಾಟಕದಲ್ಲಿ ಕಣ್ಣಿನ ಕ್ಯಾಂಪ್ ಎಂದರೆ ಹಳೆಯ ತಲೆಮಾರಿಗೆ ಡಾ. ಎಂ. ಸಿ. ಮೋದಿಯವರ ನೆನಪು. ಊರೂರಿಗೆ ಹೋಗಿ, ದುಡ್ಡು ಕೇಳದೆ, ದೃಷ್ಟಿ ಮರಳಿಸಿದವರು. ಹಳ್ಳಿಯವರು ಇಂದಿಗೂ ಕ್ಯಾಂಪಿನ ಬಸ್ಸು ಹತ್ತುವುದು ಆ ನಂಬಿಕೆಯ ಉಳಿಕೆಯ ಮೇಲೆ. ಕಲಿಕೆಯ ಕೇಸುಗಳನ್ನು ಅಲ್ಲಿಂದಲೇ ಎತ್ತಿಕೊಳ್ಳುವುದೆಂದರೆ ಬೇರೆಯವರು ಕೂಡಿಟ್ಟ ಗಂಟಿನಿಂದ ಖರ್ಚು ಮಾಡಿದಂತೆ.

ಉಚಿತ ರೋಗಿಗೆ ಕಾನೂನಿನ ಆಸರೆ ಇಲ್ಲ ಎಂಬ ಭಾವನೆ ಆಸ್ಪತ್ರೆಗಳಲ್ಲಿ ಗಟ್ಟಿಯಾಗಿ ಕೂತಿದೆ. ಅದು ತಪ್ಪು. ವಿ. ಪಿ. ಶಾಂತಾ ಪ್ರಕರಣದಲ್ಲಿ 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ: ಎಲ್ಲರಿಗೂ ಉಚಿತವಾಗಿ ಸೇವೆ ಕೊಡುವ ಆಸ್ಪತ್ರೆ ಗ್ರಾಹಕ ಕಾಯ್ದೆಯ ಹೊರಗೆ, ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ಮಾಡುವ ಆಸ್ಪತ್ರೆಯಲ್ಲಿ ಉಚಿತ ರೋಗಿಯೂ ಗ್ರಾಹಕನೇ. ನಮ್ಮ ಟ್ರಸ್ಟ್ ಆಸ್ಪತ್ರೆ ಎರಡನೇ ಬಗೆಯದು. ಪೆನ್ಸಿಲಿನಲ್ಲಿ ಬರೆದ ಆ ಸಾಲು ಯಾವುದಾದರೂ ಗ್ರಾಹಕ ಆಯೋಗದ ಮುಂದೆ ಬಂದಿದ್ದರೆ ವಾದಕ್ಕೆ ಹೆಚ್ಚು ಹೊತ್ತು ಬೇಕಾಗುತ್ತಿರಲಿಲ್ಲ.

ಹಾಗಾದರೆ ಮೊದಲ ಕೇಸುಗಳು ಯಾರವು? ತಿರುಳಿನ ಗ್ರೇಡ್ 2ರಿಂದ 3, ಪಾಪೆ ಕನಿಷ್ಠ 7 ಮಿ.ಮೀ., ಮಸೂರ ಸಡಿಲವಾಗಿ ಅಲುಗಾಡುತ್ತಿಲ್ಲ, ಕಾರ್ನಿಯಾ ಆರೋಗ್ಯವಾಗಿದೆ, ಇನ್ನೊಂದು ಕಣ್ಣಿಗೆ ಉಪಯೋಗಕ್ಕೆ ಬರುವ ದೃಷ್ಟಿ ಇದೆ, ಅಲುಗಾಡದೆ ಮಲಗಬಲ್ಲರು. ತೀರಾ ಮೆದು ತಿರುಳೂ ಬೇಡ. ಅದು ಸೀಳುವುದಿಲ್ಲ, ಟಿಪ್ ಒಮ್ಮೆಲೇ ಹಿಂಬದಿಗೆ ಇಳಿದುಬಿಡುತ್ತದೆ. ಈ ಪಟ್ಟಿಯಲ್ಲಿ ‘ಉಚಿತ’ ಎಂಬುದು ಒಂದು ಅರ್ಹತೆಯಾಗಿ ಎಲ್ಲೂ ಬರುವುದಿಲ್ಲ. ಸೋಜಿಗವೆಂದರೆ ಕ್ಯಾಂಪಿಗೆ ಬರುವವರು ತಡವಾಗಿ ಬಂದವರು, ಅವರ ಪೊರೆ ಬಲಿತಿರುತ್ತದೆ. ಬೇಗ ಬರುವ, ಮೆದು ತಿರುಳಿನ ರೋಗಿ ಹೆಚ್ಚಾಗಿ ಪೇಯಿಂಗ್ ಕಡೆಯವರೇ. ವೈದ್ಯಕೀಯವಾಗಿ ಕಲಿಕೆಗೆ ಹೊಂದುವ ಕಣ್ಣುಗಳು ಮ್ಯಾನೇಜರ್ ಮುಂದಕ್ಕೆ ಹಾಕಿಸಿದ ಸಾಲಿನಲ್ಲೇ ಇದ್ದವು.

ಹಳೆಯ ಕೈಯ ಹಳೆಯ ರೂಢಿ

ಅನುಭವಿಗಳು ಹೊಸ ವಿಧಾನವನ್ನು ಬೇಗ ಕಲಿಯುತ್ತಾರೆ ಎಂಬುದು ಅರ್ಧ ನಿಜ. ಎಸ್‌ಐಸಿಎಸ್ ಮಾಡುವವರು ಕೂರುವುದು ರೋಗಿಯ ತಲೆಯ ಕಡೆ, ಫೇಕೋದಲ್ಲಿ ಪಕ್ಕಕ್ಕೆ. ಇಡೀ ಕಣ್ಣು ತೊಂಬತ್ತು ಡಿಗ್ರಿ ತಿರುಗಿದಂತೆ, ಹಣೆಯ ಮೇಲೆ ಊರುತ್ತಿದ್ದ ಅಂಗೈಗೆ ಈಗ ಆಸರೆಯೇ ಬೇರೆ. ಹಳೆಯದರಲ್ಲಿ ರೆಕ್ಸಿಸ್ ದೊಡ್ಡದಾದಷ್ಟೂ ಒಳ್ಳೆಯದು, ಇಡೀ ತಿರುಳು ಹೊರಬರಬೇಕು. ಹೊಸದರಲ್ಲಿ ಅದು ಅಳತೆಯಲ್ಲಿರಬೇಕು, ಅಂಚು ಎಲ್ಲೂ ಹರಿಯಬಾರದು. ಹಳೆಯದರಲ್ಲಿ ಕಾಲಿಗೆ ಮೈಕ್ರೋಸ್ಕೋಪ್ ಒಂದೇ. ಹೊಸದರಲ್ಲಿ ಎಡಗಾಲಿಗೆ ಮೈಕ್ರೋಸ್ಕೋಪ್, ಬಲಗಾಲಿಗೆ ಮೂರು ಹಂತದ ಪೆಡಲ್: ಮೊದಲನೇ ಒತ್ತಿಗೆ ನೀರು, ಎರಡನೆಯದಕ್ಕೆ ಹೀರುವಿಕೆ, ಮೂರನೆಯದಕ್ಕೆ ಅಲ್ಟ್ರಾಸೌಂಡ್. ಇಪ್ಪತ್ತು ವರ್ಷ ಸುಮ್ಮನಿದ್ದ ಬಲಗಾಲು ಈಗ ಕಣ್ಣಿನೊಳಗಿನ ಒತ್ತಡವನ್ನು ಹಿಡಿದಿರಬೇಕು.

ಎಲ್ಲಕ್ಕಿಂತ ಅಪಾಯಕಾರಿ ಗಾಬರಿಯ ರೂಢಿ. ಎಸ್‌ಐಸಿಎಸ್‌ನಲ್ಲಿ ಏನೋ ಸರಿಯಿಲ್ಲ ಎನಿಸಿದರೆ ಉಪಕರಣವನ್ನು ಹೊರಗೆ ತೆಗೆದು ನೋಡುವುದು ಸರಿಯಾದ ನಡೆ. ಫೇಕೋದಲ್ಲಿ ಚೇಂಬರನ್ನು ಎತ್ತಿ ಹಿಡಿದಿರುವುದೇ ಪ್ರೋಬಿನಿಂದ ಬರುವ ನೀರು. ಅದನ್ನು ಎಳೆದರೆ ಚೇಂಬರ್ ಕುಸಿಯುತ್ತದೆ. ಸರಿಯಾದ ಕ್ರಮ ಇದು: ಕಾಲನ್ನು ಮೊದಲ ಹಂತಕ್ಕೆ ತಂದು ನಿಲ್ಲಿಸಿ, ಪ್ರೋಬನ್ನು ಇದ್ದಲ್ಲೇ ಇರಿಸಿ, ತಿರುಳು ಸೀಳಲು ಎಡಗೈಯಲ್ಲಿ ಹಿಡಿದ ಚಾಪರ್ ಹೊರತೆಗೆದು ಅದೇ ಸೈಡ್‌ಪೋರ್ಟಿನಿಂದ (ಪಕ್ಕದ ಸಣ್ಣ ಕಿಂಡಿಯಿಂದ) ವಿಸ್ಕೋ ಎಂಬ ಅಂಟು ದ್ರವ ತುಂಬಿ, ಚೇಂಬರ್ ತುಂಬಿದ ಮೇಲಷ್ಟೇ ನೀರು ನಿಲ್ಲಿಸಿ ಪ್ರೋಬ್ ಈಚೆಗೆ. ಓದಿದಾಗ ನಾಲ್ಕು ಸಾಲು. ಗಾಬರಿಯ ಕ್ಷಣದಲ್ಲಿ ಕೈ ಮಾಡುವುದು ಇಪ್ಪತ್ತೆರಡು ವರ್ಷ ಮಾಡಿದ್ದನ್ನೇ. ಆದ್ದರಿಂದ ಇದನ್ನು ಮೇಕೆ ಕಣ್ಣಿನ ಮೇಲೆ, ಬೇಕೆಂದೇ ಚೀಲ ಹರಿದು, ಇಪ್ಪತ್ತು–ಮೂವತ್ತು ಸಲ ಮಾಡಿ ರೂಢಿಸಿಕೊಳ್ಳಬೇಕು. ಕಸಾಯಿಖಾನೆಯಿಂದ ಬೆಳಿಗ್ಗೆ ತಂದ ಮೇಕೆ ಕಣ್ಣಿಗೆ ಹೇಳಿಕೊಳ್ಳುವಂಥ ಬೆಲೆಯಿಲ್ಲ. ಅದರ ಚೀಲ ಮನುಷ್ಯರದಕ್ಕಿಂತ ಹೆಚ್ಚು ಹಿಗ್ಗುತ್ತದೆ ಎಂಬುದು ಕೊರತೆ, ಆದರೆ ಕಾಲು–ಕೈ ಹೊಂದಾಣಿಕೆ ಕಲಿಯಲು ಅಡ್ಡಿಯಿಲ್ಲ.

ಸಿಮ್ಯುಲೇಟರ್ ಇರುವಲ್ಲಿ ಫಲ ಕಂಡಿದೆ. ಬ್ರಿಟನ್ನಿನಲ್ಲಿ ಮೊದಲೆರಡು ವರ್ಷದ ಕಲಿಕೆದಾರರ ಕೈಯಲ್ಲಿ ಚೀಲ ಹರಿಯುವ ಪ್ರಮಾಣ ನೂರಕ್ಕೆ 4.2ರಿಂದ 2.6ಕ್ಕೆ ಇಳಿದದ್ದು 2020ರಲ್ಲಿ ವರದಿಯಾಗಿದೆ. ಜಿಲ್ಲಾ ಕೇಂದ್ರಕ್ಕೆ ಅಷ್ಟು ದುಬಾರಿ ಯಂತ್ರ ಬರುವುದಿಲ್ಲ, ನಿಜ. ಆದರೆ ಕಲಿಕೆಯನ್ನು ತುಂಡು ಮಾಡಿ, ಹಿಂದಿನಿಂದ ಮುಂದಕ್ಕೆ ಕಲಿಯುವುದಕ್ಕೆ ಯಂತ್ರ ಬೇಕಿಲ್ಲ: ಮೊದಲು ಲೆನ್ಸ್ ಇಡುವುದು, ಆಮೇಲೆ ಉಳಿಕೆ ಹೀರುವುದು, ಆಮೇಲೆ ಗಾಯ ಮತ್ತು ರೆಕ್ಸಿಸ್, ಆಮೇಲೆ ಸೀಳಿದ ಹೋಳುಗಳನ್ನು ಹೀರುವುದು, ಕಾಲುವೆ ತೋಡಿ ಸೀಳುವುದು ಕೊನೆಗೆ. ಈ ವೈದ್ಯರಿಗೆ ಇದರಲ್ಲಿ ಇನ್ನೊಂದು ಅನುಕೂಲವಿತ್ತು. 5.5 ಮಿ.ಮೀ. ರೆಕ್ಸಿಸನ್ನು ಎರಡು ತಿಂಗಳು ಪಕ್ಕದಲ್ಲಿ ಕೂತು ಅಭ್ಯಾಸ ಮಾಡಿ, ಅಲ್ಲಿಂದ ಮುಂದಕ್ಕೆ ತಮ್ಮ ಮಾಮೂಲಿ ಎಸ್‌ಐಸಿಎಸ್‌ನಲ್ಲಿ ಮುಗಿಸಬಹುದಿತ್ತು. ಬೇಕಾದರೆ ರೆಕ್ಸಿಸಿಗೆ ಎರಡು ಕಡೆ ಸಣ್ಣ ಸೀಳು ಕೊಟ್ಟು ತಿರುಳು ಹೊರತೆಗೆಯಬಹುದು. ಕಲಿಕೆಯ ಒಂದು ಭಾಗ ಯಾವ ರೋಗಿಗೂ ಹೆಚ್ಚಿನ ಅಪಾಯವಿಲ್ಲದೆ ಮುಗಿಯುತ್ತಿತ್ತು.

“ಎರಡು ನಿಮಿಷ”

ಎಸ್‌ಐಸಿಎಸ್ ಬಲ್ಲವರಿಗೆ ಫೇಕೋ ಕಲಿಯುವಾಗ ಇರುವಂಥ ತಪ್ಪಿಸಿಕೊಳ್ಳುವ ದಾರಿ ಬೇರೆಯವರಿಗಿಲ್ಲ. ಪಕ್ಕದ ಗಾಯಕ್ಕೆ ಒಂದು 10-0 ನೈಲಾನ್ ಹೊಲಿಗೆ ಹಾಕಿ ಮುಚ್ಚಿ, ಮೇಲಿನಿಂದ ಹೊಸದಾಗಿ ಸುರಂಗ ಮಾಡಿ, ತಿರುಳನ್ನು ಇಡಿಯಾಗಿ ತೆಗೆದರೆ ಆಯಿತು. ಕಾರ್ನಿಯಾದ ಗಾಯವನ್ನೇ ಅಗಲ ಮಾಡಲು ಹೋಗಬಾರದು, ಅದು ಸೋರುತ್ತದೆ. ಹದಿನೆಂಟನೇ ನಿಮಿಷದಲ್ಲಿ ಚೀಲ ಗಟ್ಟಿಯಾಗಿತ್ತು. ಸಿಸ್ಟರ್ ದಾರಿ ತೋರಿಸಿದ್ದರು. ದಾಟಲಾಗದ್ದು ಕೈಯ ಕೊರತೆಯಿಂದಲ್ಲ. ‘ಕನ್ವರ್ಟ್’, ಅಂದರೆ ನಡುವೆ ಹಳೆಯ ವಿಧಾನಕ್ಕೆ ಮರಳುವುದು, ಸೋಲು ಎಂಬ ಎಣಿಕೆಯಿಂದ, ಮತ್ತು ತೆರೆದಾಗಿದ್ದ ಒಂದು ಪ್ಯಾಕ್ ವ್ಯರ್ಥವಾಗುತ್ತದೆ ಎಂಬ ಲೆಕ್ಕದಿಂದ.

ಆ ಕ್ಷಣದ ವಿವೇಕವನ್ನು ನಂಬಿಕೊಂಡು ಕೂರಬಾರದು. ನಿಲ್ಲಿಸುವ ಗೆರೆಯನ್ನು ಹಿಂದಿನ ದಿನವೇ ಬರೆದಿಡಬೇಕು. ಗೆರೆ ಎಲ್ಲಿ ಎಂಬುದನ್ನು ಆಯಾ ವೈದ್ಯರು ಕಲಿಸಿದವರ ಜೊತೆ ಕೂತು ನಿರ್ಧರಿಸಲಿ. ನಾವು ಸೂಚಿಸುವುದು: ರೆಕ್ಸಿಸ್ ಹೊರಕ್ಕೆ ಓಡಿದರೆ ಕನ್ವರ್ಟ್. ಎರಡು ಸಲ ನೀರು ಹಾಯಿಸಿದರೂ ತಿರುಳು ತಿರುಗದಿದ್ದರೆ ಕನ್ವರ್ಟ್. ಎರಡು ಸಲ ಸೀಳಲು ನೋಡಿ ಸೀಳದಿದ್ದರೆ ಕನ್ವರ್ಟ್. ಕಾರ್ನಿಯಾ ಮಬ್ಬಾಗತೊಡಗಿದರೆ ಯಾವ ಹಂತವಾದರೂ ಸರಿ, ಕನ್ವರ್ಟ್. ಅದರ ಒಳಪದರದ ಕೋಶಗಳು ಮತ್ತೆ ಬೆಳೆಯುವುದಿಲ್ಲ. ಇದನ್ನು ಗಟ್ಟಿಯಾಗಿ ಓದಿ ಹೇಳುವ ಅಧಿಕಾರ ಸಿಸ್ಟರಿಗೆ ಇರಬೇಕು, “ಎರಡು ನಿಮಿಷ” ಎಂಬ ಉತ್ತರಕ್ಕೆ ಜಾಗ ಇರಬಾರದು. ಟ್ರಾಲಿಯ ಮೇಲೆ ಎಸ್‌ಐಸಿಎಸ್ ಸೆಟ್ ಬಿಚ್ಚಿ ಇಟ್ಟಿರಬೇಕು. ಸ್ಟೆರೈಲ್ ಕಟರ್, ವಿಟ್ರಿಯಸ್ ಎದ್ದು ಕಾಣುವಂತೆ ಮಾಡುವ ಟ್ರೈಯಾಮ್ಸಿನೋಲೋನ್, ಮೂರು ತುಂಡಿನ ಲೆನ್ಸ್ ಕೋಣೆಯೊಳಗೇ ಇರಬೇಕು. ಇವು ಇಲ್ಲದ ದಿನ ಫೇಕೋ ಇಲ್ಲ. ದಿನಕ್ಕೆ ಎರಡೋ ಮೂರೋ ಕಲಿಕೆಯ ಕೇಸು, ಅವೂ ಲಿಸ್ಟಿನ ಮೊದಲಲ್ಲಿ. ಹೊರಗೆ ಕ್ಯಾಂಪಿನ ಹದಿಮೂರು ಜನ ಹನಿ ಹಾಕಿಸಿಕೊಂಡು ಕಾಯುತ್ತಿರುವಾಗ ಯಾರ ಕೈಯೂ ನಿಧಾನವಾಗಿರುವುದಿಲ್ಲ.

ತಿಂಗಳಿಗೆ 40 ಪ್ಯಾಕ್ ಎಂಬ ಒಪ್ಪಂದಕ್ಕೆ ಸಹಿ ಹಾಕಿದ ದಿನವೇ ಈ ನಿಧಾನವನ್ನು ಟ್ರಸ್ಟ್ ಮಾರಿಬಿಟ್ಟಿತ್ತು. ಮೊದಲ ಆರು ತಿಂಗಳಿಗೆ ಕನಿಷ್ಠ ಸಂಖ್ಯೆ ಇಲ್ಲದ ಒಪ್ಪಂದ ಕೇಳಬಹುದಿತ್ತು. ಯಾರೂ ಕೇಳಲಿಲ್ಲ, ಏಕೆಂದರೆ ಖರೀದಿ ಸಭೆಯಲ್ಲಿ ವೈದ್ಯರೇ ಇರಲಿಲ್ಲ.

ಏನು ಹೇಳಬೇಕಿತ್ತು

ಸಮೀರಾ ಕೊಹ್ಲಿ ಪ್ರಕರಣದಲ್ಲಿ, 2008ರಲ್ಲಿ, ಸುಪ್ರೀಂ ಕೋರ್ಟ್ ಒಪ್ಪಿಗೆ ನೈಜವಾಗಿರಬೇಕು ಎಂದಿತು: ಚಿಕಿತ್ಸೆಯ ಸ್ವರೂಪ, ಉದ್ದೇಶ, ಲಾಭ, ಬೇರೆ ದಾರಿಗಳಿದ್ದರೆ ಅವು, ಗಣನೀಯ ಅಪಾಯಗಳು, ಇಷ್ಟನ್ನು ರೋಗಿ ತಿಳಿದಿರಬೇಕು. ‘ನನ್ನ ಏಳನೇ ಕೇಸು’ ಎಂದು ಹೇಳಲೇಬೇಕೆಂದು ಆ ತೀರ್ಪು ಸ್ಪಷ್ಟವಾಗಿ ಹೇಳುವುದಿಲ್ಲ. ಆದರೆ ಬೇರೆ ದಾರಿ ಇದ್ದು, ಅದರಲ್ಲಿ ಅದೇ ವೈದ್ಯರು ನಿಪುಣರಾಗಿದ್ದು, ಅದನ್ನು ಬಚ್ಚಿಟ್ಟರೆ ‘ಬೇರೆ ದಾರಿ ತಿಳಿಸಿದೆ’ ಎನ್ನುವುದು ಹೇಗೆ? ಜೇಕಬ್ ಮ್ಯಾಥ್ಯೂ ಪ್ರಕರಣದ 2005ರ ತೀರ್ಪಿನಲ್ಲೂ ನಿರ್ಲಕ್ಷ್ಯದ ಒಂದು ರೂಪ ಹೀಗಿದೆ: ತನಗಿದೆ ಎಂದು ತೋರಿಸಿಕೊಂಡ ಕೌಶಲ ನಿಜವಾಗಿ ಇಲ್ಲದಿರುವುದು. ಕಲಿಯುತ್ತಿರುವುದು ಅಪರಾಧವಲ್ಲ. ಕಲಿತಾಗಿದೆ ಎಂದು ತೋರಿಸಿಕೊಳ್ಳುವುದೇ ತೊಡಕು.

ಹೇಳಲು ಎರಡು ನಿಮಿಷ ಸಾಕು, ಬೇಕಾಗಿದ್ದ ಎರಡು ನಿಮಿಷ ಇದು:

“ಅಮ್ಮಾ, ನಿಮ್ಮ ಪೊರೆ ತೆಗೆಯೋಕೆ ಎರಡು ದಾರಿ ಇದೆ. ಒಂದು ನಾನು ಇಪ್ಪತ್ತು ವರ್ಷದಿಂದ ಮಾಡ್ತಾ ಇರೋದು. ಇನ್ನೊಂದು ಮಿಷನ್ನಿಂದ ಮಾಡೋದು, ಗಾಯ ಚಿಕ್ಕದು, ಆದ್ರೆ ಅದನ್ನ ನಾನು ಹೊಸದಾಗಿ ಕಲ್ತಿದೀನಿ, ಈ ಊರಲ್ಲಿ ಆರು ಜನಕ್ಕೆ ಮಾಡಿದೀನಿ. ಅದರಲ್ಲಿ ಕಷ್ಟ ಆದ್ರೆ ನಡುವೆಯೇ ಹಳೇ ದಾರಿಗೆ ಬರ್ತೀನಿ. ಅಪರೂಪಕ್ಕೆ ಇನ್ನೊಂದು ಆಪರೇಷನ್ ಬೇಕಾಗಬಹುದು, ಬಂದ್ರೆ ಖರ್ಚು ನಮ್ಮದು. ಬೇಡ ಅಂದ್ರೆ ಹಳೇದೇ ಮಾಡೋಣ, ಅದಕ್ಕೆ ನನಗೇನೂ ಬೇಜಾರಿಲ್ಲ.”

ಇದನ್ನು ಹೇಳಬೇಕಾದವರು ವೈದ್ಯರೇ, ಅಟೆಂಡರ್ ಅಲ್ಲ. ಹಗಲಿನಲ್ಲಿ, ಮಗನೋ ಮಗಳೋ ಪಕ್ಕದಲ್ಲಿದ್ದಾಗ, ಹನಿ ಹಾಕುವ ಮೊದಲು. ಹೀಗೆ ಹೇಳಿದರೆ ಯಾರೂ ಒಪ್ಪುವುದಿಲ್ಲ, ಜಿಲ್ಲೆಯ ಜನ ಎಂದೆಂದಿಗೂ ಫೇಕೋಗೆ ದೊಡ್ಡ ಊರಿಗೆ ಅಲೆಯಬೇಕಾಗುತ್ತದೆ ಎಂಬುದು ವೈದ್ಯರ ಪ್ರತಿವಾದ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕಲಿಯದ ವೈದ್ಯರಿಂದಲೂ ರೋಗಿಗಳಿಗೆ ನಷ್ಟವಿದೆ, ಅದು ಯಾವ ರಿಜಿಸ್ಟರಿನಲ್ಲೂ ಕಾಣುವುದಿಲ್ಲ. ಆದರೆ ಒಪ್ಪದವರಿಗೆ ಎಸ್‌ಐಸಿಎಸ್ ಸಿಗುತ್ತದೆ, ಅವರು ಏನನ್ನೂ ಕಳೆದುಕೊಳ್ಳುವುದಿಲ್ಲ. ಒಪ್ಪುವವರು ಕಡಿಮೆಯಾದರೆ ಕಲಿಕೆ ನಿಧಾನವಾಗುತ್ತದೆ, ಅಷ್ಟೇ. ತಿಂಗಳಿಗೆ ಎಂಟು ಕೇಸಿನಂತೆ ಕಲಿತರೂ ವರ್ಷಕ್ಕೆ ನೂರರ ಹತ್ತಿರ ಬರುತ್ತದೆ. ಕಲಿಸಿದವರಿಗೆ ಪ್ರತಿ ಕೇಸಿನ ವಿಡಿಯೋ ಕಳಿಸಬಹುದು, ತಿಂಗಳಿಗೊಮ್ಮೆ ಅವರನ್ನೇ ಕರೆಸಬಹುದು. ಒಂದು ದಿನದ ಅವರ ಬರುವಿಕೆಯ ಖರ್ಚು, ಒಂದು ರೆಟಿನಾ ಆಪರೇಷನ್ನಿನ ಖರ್ಚಿಗಿಂತ ಕಡಿಮೆ.

ತೊಡಕಾದ ಮೇಲೆ ಹೇಳುವ ಮಾತೂ ಇದೇ ಜಾತಿಯದು. “ಪೊರೆ ಬಲಿತಿತ್ತು” ಎಂಬಲ್ಲಿ ಕರ್ತೃ ಪೊರೆ. “ಮಿಷನ್ನಿನಲ್ಲಿ ಮಾಡುವಾಗ ನನ್ನ ಕೈಯಲ್ಲಿ ಹಿಂದಿನ ಚೀಲ ಹರಿಯಿತು, ತುಂಡು ಹಿಂದೆ ಬಿದ್ದಿದೆ, ಅದನ್ನು ತೆಗೆಯುವವರ ಹತ್ತಿರ ನಾಳೆ ನಾನೇ ಮಾತಾಡಿ ಕಳಿಸುತ್ತೇನೆ” ಎಂಬಲ್ಲಿ ಕರ್ತೃ ವೈದ್ಯರು. ಮಗನ ಪ್ರಶ್ನೆಗೆ ಉತ್ತರ ಕೊಡಲು ಅವರಿಗೆ ಒಂಬತ್ತು ದಿನ ಬೇಕಾಯಿತು. ಮೂರನೇ ಸಲ ಬಿಲ್ಲಿಗಾಗಿ ಬಂದವನನ್ನು ಒಳಗೆ ಕೂರಿಸಿಕೊಂಡು, ಬಾಗಿಲು ಹಾಕಿ, ಎಲ್ಲ ಹೇಳಿದರು.

ಎಡಗಣ್ಣು

ಏಳು ತಿಂಗಳಿಗೆ ಆಕೆಯ ಎಡಗಣ್ಣು 6/60ಕ್ಕೆ ಇಳಿಯಿತು. ಅಷ್ಟರಲ್ಲಿ ರಿಜಿಸ್ಟರಿನಲ್ಲಿ ಮೂರು ಹೊಸ ಕಾಲಂಗಳಿದ್ದವು: ತಿರುಳಿನ ಗ್ರೇಡ್, ವಿಧಾನವನ್ನು ವಿವರಿಸಿದವರ ಸಹಿ, ಕನ್ವರ್ಟ್ ಮಾಡಿದ ನಿಮಿಷ. ಉಚಿತ, ಪೇಯಿಂಗ್ ಎಂಬ ಎರಡು ಲಿಸ್ಟು ಒಂದಾಗಿತ್ತು. ಪ್ಯಾಕಿನ ಒಪ್ಪಂದ ಮಾತ್ರ ಹಾಗೇ ಇತ್ತು. ಬಳಸದ ಪ್ಯಾಕ್‌ಗಳು ಸ್ಟೋರಿನಲ್ಲಿ ರಟ್ಟಿನ ಡಬ್ಬಿಯಲ್ಲಿ ಏರುತ್ತಿದ್ದವು, ಎಕ್ಸ್‌ಪೈರಿ ದಿನಾಂಕದ ಕಡೆಗೆ.

ಆಕೆ ಬಂದದ್ದು ಅದೇ ಆಸ್ಪತ್ರೆಗೆ. ಬೇರೆ ಆಸ್ಪತ್ರೆಗೆ ಕಳಿಸಿಕೊಡುತ್ತೇನೆ, ವಾಹನವೂ ನಮ್ಮದೇ ಎಂದು ವೈದ್ಯರು ಮೊದಲೇ ಹೇಳಿದರು. ಆಕೆ ಸ್ವಲ್ಪ ಹೊತ್ತು ಯೋಚಿಸಿ ಕೇಳಿದ್ದು: “ಹಳೇದ್ರಾಗೆ ಮಾಡ್ತೀರೋ, ಹೊಸದ್ರಾಗೋ?”

“ಹಳೇದ್ರಾಗೆ.”

ಗ್ರೇಡ್ 3, ಪಾಪೆ 5.5 ಮಿ.ಮೀ. ಎಸ್‌ಐಸಿಎಸ್, ಮೇಲಿನಿಂದ 6.5 ಮಿ.ಮೀ. ಸುರಂಗ, ಚೀಲದೊಳಗೆ ಲೆನ್ಸ್, ಒಂಬತ್ತು ನಿಮಿಷ. ಕಟರ್ ಟ್ರಾಲಿಯ ಮೇಲಿತ್ತು, ಬಳಸಲಿಲ್ಲ. ಆರು ವಾರದ ನಂತರ ಕನ್ನಡಕದೊಂದಿಗೆ 6/9.